ನೀಲಿ ಪದಕ

ಡಾಕ್ಟರು ಅಪ್ಪನನ್ನೂ ನನ್ನನ್ನೂ ಹೊರಗೆ ಕಳಿಸಿದರು. ಹೇಳಿದ್ದು ಮಲಯಾಳದಲ್ಲಿ, ಆದರೆ ಪೆನ್ನನ್ನು ಬಾಗಿಲಿನ ಕಡೆ ತೋರಿಸಿದ ರೀತಿ ಯಾವ ಊರಿನವನಿಗೂ ಅರ್ಥವಾಗುವಂತಿತ್ತು. ಅಮ್ಮ ಒಳಗೇ ಉಳಿದಳು. ಅವಳ ಎರಡೂ ಕೈಗಳು ಮೇಜಿನ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು. ಬಳೆ ಸರಿಸಿದ ಜಾಗದಲ್ಲಿ, ಮಣಿಕಟ್ಟಿನ ಒಳಮೈಗೆ, ಒಂದೊಂದು ದೊಡ್ಡ ನೀಲಿ ಕಲೆ. ಅಂಚು ಹಳದಿ, ನಡುವೆ ಕಪ್ಪು. ಯಾರೋ ಹಿಡಿದು ತಿರುಚಿದ ಹಾಗೆ.

ಕಲೂರಿನ ಆ ಸಣ್ಣ ಕ್ಲಿನಿಕ್ಕಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡು ನಿಮಿಷವಾದ ಮೇಲೆ ನನಗೆ ಹೊಳೆಯಿತು. ಡಾಕ್ಟರಿಗೆ ಅಪ್ಪನ ಮೇಲೆ ಅನುಮಾನ.

ನನ್ನ ಅಪ್ಪ ದಾಮೋದರ, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ನೌಕರ. ಕೈ ಮೇಲೆ ಸೊಳ್ಳೆ ಕೂತರೆ ಹೊಡೆಯದೆ ಊದಿ ಕಳಿಸುವ ಮನುಷ್ಯ. ಮೈಸೂರಿನಿಂದ ವರ್ಗವಾಗಿ ಬಂದ ಈ ಎಂಟು ವರ್ಷಗಳಲ್ಲಿ ಅವರು ದನಿ ಎತ್ತಿ ಮಾತಾಡಿದ್ದು ಒಂದೇ ಸಲ, ಅದೂ ಫೋನಿನಲ್ಲಿ ಆ ಕಡೆಯವರಿಗೆ ಕೇಳಿಸುತ್ತಿಲ್ಲ ಅಂತ. ಅಂಥವರನ್ನು ಅಲ್ಲಿ ಹಾದುಹೋದ ನರ್ಸ್ ಒಬ್ಬರು ಖಳನಾಯಕನನ್ನು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದರು. ಅಪ್ಪ ಗಡಬಡಿಸಿ ಎದ್ದು, ಅವರಿಗೆ ಕೂರಲು ಜಾಗ ಬೇಕೇನೋ ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ನನ್ನ ತಲೆಯೊಳಗೆ ನಗಾರಿ ಬಡಿಯಲು ಶುರುವಾಯಿತು. ಯಾರು ನನ್ನ ಅಪ್ಪನನ್ನು ಈ ಕುರ್ಚಿಯಲ್ಲಿ ಕೂರಿಸಿದರೋ ಅವರ ಮನೆ ಬಾಗಿಲು ಒದ್ದು ಒಳಗೆ ಹೋಗುತ್ತೇನೆ, ಹಿಂದಿನಿಂದ ಗಾಳಿ ಬೀಸುತ್ತದೆ, ಅಂಗಿ ಹಾರುತ್ತದೆ ಎಂದೆಲ್ಲ ಚಿತ್ರ ಮೂಡಿತು. ಬಾಗಿಲು ಯಾರದ್ದು ಎಂದು ಮಾತ್ರ ಗೊತ್ತಿರಲಿಲ್ಲ.

ಕಾಲು ಗಂಟೆ ಬಿಟ್ಟು ನಮ್ಮನ್ನು ಒಳಗೆ ಕರೆದರು. ಅಮ್ಮ ಒಪ್ಪಿಕೊಂಡಿದ್ದಳು: ಕಲೆ ಮಾಡಿದ್ದು ಯಾರೂ ಅಲ್ಲ, ತಾನೇ. ಆಕ್ಯುಪ್ರೆಶರ್ ಅಂತೆ. ಚಮಚದ ಹಿಡಿಯಿಂದ ಒತ್ತಿಕೊಂಡಿದ್ದಂತೆ, ದಿನಕ್ಕೆ ಎರಡು ಸಲ, ಮೂರು ತಿಂಗಳಿಂದ. ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರು. ಅಮ್ಮನ ಹೃದಯ ಆಗಾಗ ತಾಳ ತಪ್ಪುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಎರಡು ವರ್ಷದಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾಳೆ. ಅಂಥವರು ಹೀಗೆ ಜೋರಾಗಿ ಒತ್ತಿಕೊಂಡರೆ ಚರ್ಮದ ಕೆಳಗೇ ರಕ್ತ ಸೋರುತ್ತದೆ, ಬೇಗ ನಿಲ್ಲುವುದೂ ಇಲ್ಲ ಎಂದು ಡಾಕ್ಟರು ಮಲಯಾಳ, ಇಂಗ್ಲಿಷ್ ಎರಡರಲ್ಲೂ ಹೇಳಿದರು. ಪರೀಕ್ಷೆಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ತೆಳುವಾಗಿತ್ತು. ಮಾತ್ರೆಯ ಪ್ರಮಾಣ ಬದಲಿಸಿದರು. ಮಣಿಕಟ್ಟನ್ನು ಮುಟ್ಟಲೇಬಾರದು, ಊತ ಹೆಚ್ಚಾದರೆ ಅಥವಾ ಬೆರಳು ಜೋಮು ಹಿಡಿದರೆ ನೇರ ಬಂದು ಅಡ್ಮಿಟ್ ಆಗಬೇಕು ಎಂದರು. ಅಪ್ಪನಿಗೆ ತಪ್ಪಾಯಿತು ಎಂದು ಒಂದು ಮಾತೂ ಹೇಳಲಿಲ್ಲ.

ಆಟೋದಲ್ಲಿ ಅಮ್ಮ ನಡುವೆ ಕೂತಿದ್ದಳು. ಯಾರು ಕಲಿಸಿದ್ದು ಇದನ್ನ ಎಂದು ಕೇಳಿದೆ.

"ನೀನು ಮೊದಲು ನಗಲ್ಲ ಅನ್ನು."

"ನಗೋ ಮುಖ ಕಾಣ್ತಿದ್ಯಾ ನಂದು?"

ಆಮೇಲೆ ಹೇಳಿದಳು. ಶನಿವಾರ ಶನಿವಾರ ಅವಳು ಬೋಟಿನಲ್ಲಿ ಎರ್ನಾಕುಳಂಗೆ ದಾಟಿ, ಅಲ್ಲಿಂದ ಬಸ್ಸಿನಲ್ಲಿ ಕಲೂರಿಗೆ ಹೋಗಿ ಇಲ್ಲಿನ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಬೋಟು ಅಲುಗಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಇನ್ನೂ ಹೆಚ್ಚು. ಎಂಟು ವರ್ಷ ಪ್ಲಾಸ್ಟಿಕ್ ಕವರು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡಿದ್ದಾಳೆ. ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ಒತ್ತಿದರೆ ವಾಂತಿ ನಿಲ್ಲುತ್ತದೆ ಎಂದು ತಿರುವನಂತಪುರದ ರಾಮಚಂದ್ರರು ಹೇಳಿದ್ದಾರಂತೆ. ಮೂರು ತಿಂಗಳಿಂದ ಒಂದು ಕವರೂ ಬಳಸಿಲ್ಲವಂತೆ.

"ಒತ್ತೋದು ಸರಿ, ಹೀಗೆ ನೀಲಿ ಬರೋ ಹಾಗಾ?"

"ನೀಲಿ ಆದ್ರೆ ಒಳ್ಳೇದಂತೆ ಕಣೋ. ಅದು ಕಲೆ ಅಲ್ವಂತೆ."

ಈ ಮಾತು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. ಆದರೆ ದಿನಕ್ಕೊಂದು ಸಿನಿಮಾ ನೋಡುವವನಿಗೆ ಪ್ರಪಂಚದ ಎಲ್ಲ ಮಾತೂ ಎಲ್ಲೋ ಕೇಳಿದ ಹಾಗೆಯೇ ಇರುತ್ತದೆ. ಡಾಕ್ಟರು ಇಷ್ಟು ಸ್ಪಷ್ಟವಾಗಿ ಬೇಡ ಅಂದಿದ್ದಾರೆ, ಬಿಡುತ್ತೀಯೋ ಇಲ್ಲವೋ ಎಂದು ಕೇಳಿದೆ. ಅಮ್ಮ ಔಷಧಿ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದಳು.

"ಎಂಟು ವರ್ಷದಲ್ಲಿ ಒಂದಾದ್ರೂ ಮಾತ್ರೆ ಡಬ್ಬಿ ಮೇಲೆ ಕನ್ನಡ ನೋಡಿದ್ದೀಯಾ? ಆ ಡಾಕ್ಟರು ಹೇಳಿದ್ದು ಅರ್ಧ ತಲೆಗೆ ಹೋಗತ್ತೆ, ಇನ್ನರ್ಧಕ್ಕೆ ನಾನು ಸುಮ್ನೆ ತಲೆ ಅಲ್ಲಾಡಿಸ್ತೀನಿ. ರಾಮಚಂದ್ರರದ್ದು ಒಂದೊಂದು ಅಕ್ಷರಾನೂ ಅರ್ಥ ಆಯ್ತು ನಂಗೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ."

ಇದು ನಮ್ಮ ಜನರ ಕಾಯಿಲೆ. ಕೊಚ್ಚಿಯಲ್ಲಿ ಎರಡು ಕನ್ನಡಿಗರ ಮನೆಗಳ ನಡುವೆ ಇಪ್ಪತ್ತು ಮಲಯಾಳಿ ಬೀದಿಗಳಿವೆ. ಹೀಗಾಗಿ ಕನ್ನಡ ಅಕ್ಷರದಲ್ಲಿ ಏನೇ ಬಂದರೂ, ಹಲ್ಲಿ ಬಿದ್ದರೆ ಫಲ ಏನು ಎಂಬುದರಿಂದ ಹಿಡಿದು ಉಪ್ಪಿನಕಾಯಿ ಅಳತೆಯವರೆಗೆ, ಎಲ್ಲವನ್ನೂ ಊರಿಂದ ಬಂದ ಪತ್ರದ ಹಾಗೆ ಎದೆಗೊತ್ತಿಕೊಳ್ಳುತ್ತಾರೆ. ಹೇಳಿದವನು ಯಾರು, ಯಾಕೆ ಹೇಳಿದ ಎಂದು ಕೇಳುವುದಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡು ಈ ರಾಮಚಂದ್ರ ಎಂಬ ನಿವೃತ್ತ ಮನುಷ್ಯ ನನ್ನ ಅಮ್ಮನ ಕೈ ಹಣ್ಣು ಮಾಡಿದ್ದಾನೆ ಎಂದು ನನ್ನ ರಕ್ತ ಕುದಿಯಿತು.

ಆ ದಿನ ಸಂಜೆ ಜೆಟ್ಟಿಯಲ್ಲಿ ಇನ್ನೊಂದು ನಡೆಯಿತು. ಬೋಟು ಹತ್ತುವಾಗ ಅಪ್ಪ ಯಾವಾಗಲೂ ಅಮ್ಮನ ಕೈ ಹಿಡಿದು ಹತ್ತಿಸುತ್ತಾರೆ. ಅವತ್ತು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ನಿಂತರು. ಅಮ್ಮ ಕಂಬಿ ಹಿಡಿದು ತಾನೇ ಹತ್ತಿದಳು. ಯಾಕಪ್ಪಾ ಎಂದು ಕೇಳಿದ್ದಕ್ಕೆ, ಕಲೆ ಕಾಣ್ತಿದೆ, ಹಿಡ್ಕೊಂಡ್ರೆ ನೋಡಿದವರು ಏನಂದ್ಕೋತಾರೆ ಎಂದರು. ಅದಾದ ಮೇಲೂ ಒಂದು ವಾರ ಅವರು ಜೇಬಿನಿಂದ ಕೈ ತೆಗೆಯಲಿಲ್ಲ.

ರಾಮಚಂದ್ರರನ್ನು ನಾನು ನೋಡಿರಲಿಲ್ಲ, ಹೆಸರು ಕೇಳಿದ್ದೆ. ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾಗಿ ತಿರುವನಂತಪುರದ ಶ್ರೀಕಾರ್ಯಂನಲ್ಲೇ ಮನೆ ಮಾಡಿಕೊಂಡವರು. ಇಡೀ ಕೇರಳದ ಕನ್ನಡಿಗರಲ್ಲಿ ಆಕ್ಯುಪ್ರೆಶರ್ ಎಂದರೆ ಅವರೊಬ್ಬರೇ. ಭಾನುವಾರ ಅವರ ಮನೆಯಲ್ಲಿ ಕ್ಲಾಸ್ ಇತ್ತು. ಎಡಪ್ಪಳ್ಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಮೋಹಿನಿ ಆಂಟಿ ಕೊಚ್ಚಿಯಿಂದ ಎಂಟು ಜನರನ್ನು ರೈಲಿನಲ್ಲಿ ಹೊರಡಿಸಿದ್ದರು. ಅವರ ಮಗ ಆದರ್ಶ್ ನನ್ನ ದೋಸ್ತ್. ಅಮ್ಮನೂ ಹೊರಟಳು. ಮಣಿಕಟ್ಟು ಬೇಡ ಅಂದಿದ್ದಾರೆ, ಬೇರೆಲ್ಲಿ ಒತ್ತಬಹುದು ಎಂದು ರಾಮಚಂದ್ರರನ್ನೇ ಕೇಳುತ್ತಾಳಂತೆ. ನಾನೂ ಬರುತ್ತೇನೆ ಎಂದೆ. ಅಮ್ಮನಿಗೆ ಖುಷಿಯಾಯಿತು. ಮಗನಿಗೆ ಜವಾಬ್ದಾರಿ ಬಂತು ಅಂದುಕೊಂಡಳು.

ರೈಲಿನಲ್ಲಿ ನಾಲ್ಕು ಗಂಟೆ ಡೈಲಾಗು ಹೊಸೆದೆ. ಕೊಲ್ಲಂ ದಾಟುವಾಗ ಒಂದು ಪಕ್ಕಾ ಆಯಿತು: 'ನೀವು ಒತ್ತಿದ್ದು ನನ್ನ ಅಮ್ಮನ ನರವನ್ನಲ್ಲ, ನನ್ನ ಸಹನೆಯನ್ನು.' ವರ್ಕಲಾ ಬರುವಷ್ಟರಲ್ಲಿ ಅದಕ್ಕೆ ಕೈ ಸನ್ನೆಯೂ ಸೇರಿತು.

ಆ ಮನೆಯ ಹಜಾರದಲ್ಲಿ ಇಪ್ಪತ್ತು ಜನ ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ರಾಮಚಂದ್ರರು ಸಣಕಲು, ಮಾಸಿದ ಬಿಳಿ ಅಂಗಿ. ಮೇಜಿನ ಮೇಲೆ ಒಂದು ಹಳೆಯ ಅಡಿಗೆಮನೆ ತಕ್ಕಡಿ, ಮುಳ್ಳು ತಿರುಗುವಂಥದ್ದು. ಅದರ ಮುಳ್ಳನ್ನು ಸೊನ್ನೆಗೆ ತರಲು ಬಗ್ಗಿ ತಿರುಪು ತಿರುಗಿಸುತ್ತಿದ್ದರು. ಇಂಥ ವಿಲನ್ನಿಗೆ ಬಾಗಿಲು ಒದ್ದು ಬರುವುದೂ ದಂಡ, ಬಾಗಿಲು ತೆರೆದೇ ಇತ್ತು.

ನಾನು ನಡುಮಧ್ಯೆ ಹೋಗಿ ನಿಂತೆ. ಹೊಸೆದ ಡೈಲಾಗು ಬಾಯಿಗೆ ಬರಲಿಲ್ಲ, ಕೋಪ ಬಂತು.

"ಸರ್, ನಿಮ್ಮ ಕ್ಲಾಸ್ ಆಮೇಲೆ. ಮೊದಲು ನಮ್ಮಮ್ಮನ ಕೈ ನೋಡಿ. ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ ಇವರು. ನೀಲಿ ಬರೋವರೆಗೂ ಒತ್ತು ಅಂತ ಹೇಳ್ಕೊಟ್ಟಿದ್ದೀರಲ್ಲ, ಆ ಮಾತ್ರೆ ತಗೋತೀಯಾ ಅಂತ ಒಂದು ಮಾತು ಕೇಳಿದ್ರಾ? ಡಾಕ್ಟರು ನಮ್ಮಪ್ಪನೇ ಕೈ ತಿರುಚಿದ್ದು ಅಂದ್ಕೊಂಡು ಆಚೆ ಕೂರಿಸಿದ್ರು. ನಿಮ್ಮ ಮನೇಲಿ ಕಾಫಿ ಚೆನ್ನಾಗಿದೆ, ನಮ್ಮ ಮನೇಲಿ ಒಂದು ವಾರದಿಂದ ನಮ್ಮಪ್ಪ ಜೇಬಿಂದ ಕೈ ತೆಗೆದಿಲ್ಲ."

ಅಮ್ಮ ಅಭೀ, ಅಭೀ ಎಂದು ನನ್ನ ಅಂಗಿ ಎಳೆಯುತ್ತಿದ್ದಳು. ರಾಮಚಂದ್ರರು ಕನ್ನಡಕ ಹಾಕಿಕೊಂಡು ಬಂದರು. ಅಮ್ಮನ ಕೈಯನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು. ಬೆರಳುಗಳನ್ನು ಆಡಿಸಲು ಹೇಳಿದರು. ಅವರ ಮುಖ ಬಿಳಿಚಿಕೊಂಡಿತು.

"ಎಂತದು ಇದು. ಯಾರಮ್ಮ ಹೇಳಿದ್ದು ನಿಮಗೆ ಹೀಗೆ ಒತ್ತಲಿಕ್ಕೆ?"

"ನೀವೇ ಅಲ್ವಾ ಸರ್," ಎಂದಳು ಅಮ್ಮ.

"ನಾನು ನಿಮ್ಮನ್ನು ಕಾಣುವುದೇ ಇವತ್ತು."

ನಾಟಕ ಎಂದುಕೊಂಡೆ. ಸಿಕ್ಕಿಬಿದ್ದ ತಕ್ಷಣ ನಾನವನಲ್ಲ ಎನ್ನುವುದು ಎಲ್ಲ ವಿಲನ್‌ಗಳ ಮೊದಲ ಸಾಲು. ಅಮ್ಮ ಚೀಲಕ್ಕೆ ಕೈ ಹಾಕಿ ಒಂದು ಕಾರ್ಡು ತೆಗೆದಳು. ಅಂಗೈಯಷ್ಟು ದೊಡ್ಡದು, ಲ್ಯಾಮಿನೇಷನ್ ಮಾಡಿಸಿದ್ದು, ಮೂಲೆಯಲ್ಲಿ ತಾವರೆ ಹೂವಿನ ಚಿತ್ರ. ನಾನು ಅದನ್ನು ಮನೆಯಲ್ಲಿ ಕಂಡೇ ಇರಲಿಲ್ಲ. ದಿಂಬಿನ ಕವರಿನೊಳಗೆ ಬಚ್ಚಿಟ್ಟಿದ್ದಳಂತೆ, ನಾನು ಓದಿ ಆಡಿಕೊಳ್ಳುತ್ತೇನೆ ಎಂದು. ತಲೆಯಲ್ಲಿ ದಪ್ಪ ಅಕ್ಷರ: ಶ್ರೀ ರಾಮಚಂದ್ರರ ಒತ್ತು ಸೂತ್ರಗಳು.

ರಾಮಚಂದ್ರರು ಅದನ್ನು ಬೆಳಕಿಗೆ ಹಿಡಿದು, ರಾಕೆಟ್ ಹಾರಿಸುವ ಮೊದಲು ಪಟ್ಟಿ ಓದುವವರ ಹಾಗೆ ಒಂದೇ ದನಿಯಲ್ಲಿ ಓದಿದರು.

"ಒತ್ತು. ಹೆದರಿ ಒತ್ತಿದವನು ರೋಗಿ, ಹೆದರದೆ ಒತ್ತಿದವನು ರಾಜ. ನೋವಾಯಿತೇ? ನೋವು ನಿನ್ನ ಶತ್ರುವಲ್ಲ, ನಿನ್ನ ಸಾಕ್ಷಿ. ಕಣ್ಣಲ್ಲಿ ನೀರು ಬಂತೇ? ಅದು ನೀರಲ್ಲ, ರೋಗ ಕೊಟ್ಟ ರಾಜೀನಾಮೆ."

ಅಷ್ಟು ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ನಾಲ್ಕನೆಯ ಸಾಲು ಏನೆಂದು ಅವರು ಓದುವ ಮೊದಲೇ ನನಗೆ ಗೊತ್ತಿತ್ತು.

"ಚರ್ಮ ನೀಲಿಯಾಯಿತೇ? ಅದು ಕಲೆಯಲ್ಲ, ಪದಕ."

ಒಂದು ವರ್ಷದ ಹಿಂದೆ ಪರೀಕ್ಷೆಗೆ ಮೊದಲು ಆದರ್ಶನಿಗೆ ತಲೆನೋವು ಬಂದಿತ್ತು. ಅವನನ್ನು ಗೋಳು ಹೊಯ್ದುಕೊಳ್ಳಲು ನಾನು ಒಂದು ಸ್ಟೀಲ್ ಕೊಡದೊಳಗೆ ಮುಖ ಹಾಕಿ, ಗವಿಯಲ್ಲಿ ಕೂತ ಮುದಿ ಗುರುವಿನ ದನಿ ಮಾಡಿ, ತಲೆನೋವಿಗೆ ಹೆಬ್ಬೆರಳಿನ ಸಂದಿಯಲ್ಲಿ ಒತ್ತು, ವಾಂತಿಗೆ ಮಣಿಕಟ್ಟಿನ ಮೇಲೆ ಒತ್ತು ಎಂದು ಇಂಟರ್ನೆಟ್ಟಿನಲ್ಲಿ ಕಂಡ ಜಾಗಗಳಿಗೆಲ್ಲ ಡೈಲಾಗು ಜೋಡಿಸಿ ಒಂದೂವರೆ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದೆ. ಅವನು ನಕ್ಕ, ನಾನು ನಕ್ಕೆ, ಮರೆತೆ. ಅಂಥವು ನಾನು ವಾರಕ್ಕೆ ಹತ್ತು ಮಾಡುತ್ತೇನೆ. ಅವನು ಅದನ್ನು ತನ್ನ ಅಮ್ಮನಿಗೂ ಕಳಿಸಿದ್ದನೆಂದು ಆಮೇಲೆ ತಿಳಿಯಿತು. ಮೋಹಿನಿ ಆಂಟಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಕೇರಳದಲ್ಲಿ ಕನ್ನಡದಲ್ಲಿ ಆಕ್ಯುಪ್ರೆಶರ್ ಹೇಳುವವರು ಇನ್ಯಾರಿದ್ದಾರೆ, ರಾಮಚಂದ್ರರೇ ಎಂದು ತೀರ್ಮಾನಿಸಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು, ಎಡಪ್ಪಳ್ಳಿಯ ಮಾಲ್ ಹತ್ತಿರದ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಕಿಸಿದ್ದರು.

ನಿಜ ಹೇಳುತ್ತೇನೆ, ಆ ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾಮಚಂದ್ರರು, ಅಲ್ಲ ಮಾರಾಯ, ಇದು ನಾನು ಬರೆದದ್ದಲ್ಲ ಎನ್ನುತ್ತಿದ್ದರು. ಅರ್ಧ ಜನ ನಂಬುತ್ತಿದ್ದರು, ಅರ್ಧ ಜನ ಇಲ್ಲ. ನಾನು ಕೋಪದ ಮುಖ ಹಾಗೇ ಇಟ್ಟುಕೊಂಡು ಅಮ್ಮನನ್ನು ಕರೆದುಕೊಂಡು ಹೊರಟುಬಿಡಬಹುದಿತ್ತು. ಆಗ ಅವರು ಮೆಲ್ಲಗೆ ಕೇಳಿದರು, ಇದೊಂದೇ ಕಾರ್ಡಾ, ಬೇರೆ ಉಂಟಾ ಎಂದು.

"ನಲ್ವತ್ತು ಮಾಡಿಸೀನ್ರೀ," ಎಂದರು ಮೋಹಿನಿ ಆಂಟಿ, ಸ್ವಲ್ಪ ಹೆಮ್ಮೆಯಿಂದಲೇ.

ನಲವತ್ತು. ಆ ನಲವತ್ತು ಮನೆಗಳಲ್ಲಿ ಇನ್ನೂ ಯಾರು ಯಾರು ಅಮ್ಮನ ಮಾತ್ರೆಯನ್ನೇ ನುಂಗುತ್ತಿದ್ದಾರೋ, ಯಾರು ಬಸುರಿಯೋ, ಯಾರ ಕಾಲು ಊದಿಕೊಂಡಿದೆಯೋ. ಅವರೆಲ್ಲರೂ ಚಮಚದ ಹಿಡಿ ಹಿಡಿದುಕೊಂಡು ನನ್ನ ಡೈಲಾಗಿಗೆ ಒತ್ತಿಕೊಳ್ಳುತ್ತಾ ಪದಕಕ್ಕೆ ಕಾಯುತ್ತಿದ್ದಾರೆ.

"ಅದು ನಾನು," ಎಂದೆ.

ಯಾರೂ ನಂಬಲಿಲ್ಲ. ಅದು ನನ್ನ ಜೀವನದ ಅತಿ ದೊಡ್ಡ ಅವಮಾನ. ಇಪ್ಪತ್ತು ವರ್ಷ ಸುಳ್ಳು ಹೇಳಿ ನಂಬಿಸಿದವನು ಒಂದು ನಿಜ ಹೇಳಿದರೆ ಎಲ್ಲರೂ ತಮಾಷೆ ಎಂದು ನಕ್ಕರು. ಮೋಹಿನಿ ಆಂಟಿಗೆ ನಗುವೂ ಬರಲಿಲ್ಲ, ಸಿಟ್ಟೇ ಬಂತು.

"ಸುಮ್ನ ಕೂಡಪಾ. ಇಂವಗ ಇಷ್ಟು ಚಲೋ ಕನ್ನಡ ಎಲ್ಲಿಂದ ಬರಬೇಕ್ರೀ? ಮನಿಯಾಗ ಅರ್ಧಾ ಮಲಯಾಳ ಮಾತಾಡ್ತಾನ."

ನನಗೆ ಇನ್ನೂ ಉರಿಯಿತು. ರಾಮಚಂದ್ರರ ಹೆಂಡತಿ ವೇದವತಿ ಬಾಗಿಲ ಬಳಿ ಕಾಫಿ ಲೋಟ ಒಟ್ಟು ಮಾಡುತ್ತಿದ್ದರು. ಆಂಟಿ, ಒಂದು ಸ್ಟೀಲ್ ಕೊಡ ಕೊಡ್ತೀರಾ ಎಂದೆ. ಅವರು ಯಾಕೆಂದು ಕೇಳದೆ ತಂದುಕೊಟ್ಟರು, ಬಹುಶಃ ಹುಡುಗನಿಗೆ ತಲೆ ಸುತ್ತುತ್ತಿದೆ ಎಂದುಕೊಂಡಿರಬೇಕು. ನಾನು ಹಜಾರದ ನಡುವೆ ಮಂಡಿಯೂರಿ, ಕೊಡದೊಳಗೆ ಮುಖ ಹಾಕಿ, ಆ ದನಿಯಲ್ಲಿ ಹೇಳಿದೆ: ಒತ್ತು. ಹೆದರಿ ಒತ್ತಿದವನು ರೋಗಿ.

ನಾಲ್ಕೂ ಸಾಲು ಹೇಳಿದೆ. ತಲೆ ಎತ್ತಿದಾಗ ಯಾರೂ ನಗುತ್ತಿರಲಿಲ್ಲ. ಮೋಹಿನಿ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಮ್ಮ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಎರಡೂ ಮಣಿಕಟ್ಟುಗಳನ್ನು ನೋಡಿಕೊಳ್ಳುತ್ತಿದ್ದಳು.

ರಾಮಚಂದ್ರರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕ್ಲಾಸ್ ಶುರು ಮಾಡಿದರು. ಮೊದಲ ಅರ್ಧ ಗಂಟೆ ಒತ್ತುವುದರ ಬಗ್ಗೆ ಒಂದು ಮಾತೂ ಇಲ್ಲ, ಯಾರು ಒತ್ತಬಾರದು ಎಂಬುದೇ. ಅಮ್ಮನ ಹಾಗೆ ರಕ್ತದ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಬೆರಳು ಇಡಬಾರದು. ಬಸುರಿಯರಿಗೆ ಕೆಲವು ಜಾಗ ಬೇಡವೇ ಬೇಡ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅದನ್ನು ಒತ್ತದೆ ಆಸ್ಪತ್ರೆಗೆ ಓಡಬೇಕು. ಗಾಯ, ಊತ, ಉಬ್ಬಿದ ನರ, ಇವುಗಳ ಮೇಲೆ ಬೇಡ. ಎದೆನೋವು ಬಂದಾಗ ಕೈ ಒತ್ತಿಕೊಂಡು ಕೂರುವವನು ಹುಚ್ಚ.

ಆಮೇಲೆ ನನ್ನನ್ನು ಕರೆದು ತಕ್ಕಡಿಯ ತಟ್ಟೆಯ ಮೇಲೆ ಒತ್ತು ಎಂದರು, ಕಾರ್ಡಿನಲ್ಲಿ ಹೇಳಿದ ಹಾಗೆ, ಹೆದರದೆ. ಒತ್ತಿದೆ. ಮುಳ್ಳು ಐದು ಕಿಲೋ ದಾಟಿತು. ಆಮೇಲೆ ಅವರು ತಮ್ಮ ಹೆಬ್ಬೆರಳಿಟ್ಟರು. ಮುಳ್ಳು ಒಂದರ ಆಚೀಚೆ ನಿಂತಿತು. ಉಸಿರು ಒಳಗೆ, ಉಸಿರು ಹೊರಗೆ, ಒಂದು ನಿಮಿಷ, ಸಾಕು.

"ಈ ಲೆಕ್ಕ ಶಾಸ್ತ್ರದ್ದಲ್ಲ, ನನ್ನ ಅಂದಾಜು," ಎಂದರು. "ಕೈಗೆ ಒಂದು ಅಳತೆ ಗೊತ್ತಾಗಲಿ ಅಂತ ಅಷ್ಟೇ. ಒತ್ತುವಾಗ ಪಕ್ಕದವರ ಹತ್ತಿರ ಆರಾಮಲ್ಲಿ ಮಾತಾಡ್ಲಿಕ್ಕೆ ಆಗ್ಬೇಕು. ಹಲ್ಲು ಕಚ್ಚಿದ್ರೆ ಜಾಸ್ತಿ ಆಯ್ತು ಅಂತ ಅರ್ಥ. ನೋವು ಅಂದ್ರೆ ನಿಲ್ಲಿಸು ಅಂತ ಶರೀರ ಹೇಳುವುದು ಮಾರಾಯ, ಅದು ಸಾಕ್ಷಿಯೂ ಅಲ್ಲ, ಮಣ್ಣೂ ಅಲ್ಲ."

ಅಮ್ಮ ಕೈ ಎತ್ತಿ, ಹಾಗಾದ್ರೆ ಬೋಟಲ್ಲಿ ನಾನೇನು ಮಾಡಲಿ ಎಂದು ಕೇಳಿದಳು. ಇಡೀ ದಿನದಲ್ಲಿ ಅವಳು ಕೇಳಿದ್ದು ಅದೊಂದೇ. ಕಲೆ ಪೂರ್ತಿ ಹೋಗುವವರೆಗೆ, ನಿಮ್ಮ ಡಾಕ್ಟರು ಸರಿ ಎನ್ನುವವರೆಗೆ ಏನೂ ಮಾಡಬೇಡಿ ಎಂದರು ರಾಮಚಂದ್ರರು. ದೂರದ ದಡ ನೋಡುತ್ತಾ ಕೂರಿ, ಬರಿ ಹೊಟ್ಟೆಯಲ್ಲಿ ಹೋಗಬೇಡಿ, ಗಾಳಿ ಬರುವ ಕಡೆ ಕೂರಿ. ವಾಂತಿ ಬಂದರೆ ಬರಲಿ, ಅದರಿಂದ ಯಾರೂ ಅಡ್ಮಿಟ್ ಆಗುವುದಿಲ್ಲ.

ಹೊರಡುವಾಗ ಅವರ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು ಕಾರ್ಡನ್ನು ನನ್ನ ಕೈಗೆ ಕೊಟ್ಟು, ಮೂವತ್ತೊಂಬತ್ತು ಬಾಕಿ ಎಂದರು.

ವಾಪಸ್ ರೈಲಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಮೋಹಿನಿ ಆಂಟಿಯ ಹತ್ತಿರ ಕಾರ್ಡು ಪಡೆದವರ ಹೆಸರುಗಳನ್ನು ಬರೆಸಿಕೊಂಡೆ. ಅವರೂ ಗರ ಬಡಿದವರ ಹಾಗೆ ಒಂದೊಂದೇ ಹೆಸರು ಹೇಳಿದರು. ಆಮೇಲೆ ಬಾಗಿಲ ಹತ್ತಿರ ನಿಂತು, ಕೊಡ ಇಲ್ಲದೆ, ನನ್ನ ಸ್ವಂತ ದನಿಯಲ್ಲಿ ಕೊಚ್ಚಿ ಕನ್ನಡಿಗರ ಫೋನ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಆ ಕಾರ್ಡು ರಾಮಚಂದ್ರರದ್ದಲ್ಲ, ನಾನು ತಮಾಷೆಗೆ ಮಾಡಿದ್ದು, ಯಾರೂ ಹಾಗೆ ಒತ್ತಬೇಡಿ, ರಕ್ತದ ಮಾತ್ರೆ ತಗೊಳ್ಳುವವರು, ಬಸುರಿಯರು ದಯವಿಟ್ಟು ಡಾಕ್ಟರನ್ನು ಕೇಳಿ, ಕಾರ್ಡು ವಾಪಸ್ ತೆಗೆದುಕೊಳ್ಳಲು ನಾನೇ ಮನೆಗೆ ಬರುತ್ತೇನೆ ಎಂದೆ.

ಕಾಯಂಕುಳಂ ಬರುವವರೆಗೆ ಉತ್ತರ ಇಲ್ಲ. ಆಮೇಲೆ ಮೂರು ಹೆಬ್ಬೆರಳಿನ ಚಿತ್ರಗಳು ಬಂದವು. ಕಲೂರಿನ ಸುಬ್ರಾಯ ಅಂಕಲ್ ಬರೆದರು: ನಮಗೆ ಅದರಿಂದ ಗುಣ ಇದೆ, ಕಾರ್ಡು ಕೊಡಲ್ಲ. ಧನಶ್ರೀ ಆಂಟಿ ಬರೆದರು: ಈ ಹುಡುಗನ ಕನ್ನಡ ಅಷ್ಟು ಸರಿಯಿಲ್ಲ, ಕಾರ್ಡಿನ ಗುರುಗಳ ಬಾಯಿಂದಲೇ ಇದನ್ನು ಹೇಳಿಸಿದರೆ ನಂಬಬಹುದು.

ನಾನು ಫೋನನ್ನು ರೈಲಿನಿಂದ ಎಸೆಯದೆ ಇದ್ದದ್ದು ಅಪ್ಪ ಕೊಡಿಸಿದ್ದು ಎಂಬ ಕಾರಣಕ್ಕೆ. ಕೊಡದೊಳಗಿನ ಬುರುಡೆಗೆ ನಲವತ್ತು ಲ್ಯಾಮಿನೇಷನ್, ಬಾಯಿ ತೆರೆದು ಹೇಳಿದ ನಿಜಕ್ಕೆ ಮೂರು ಹೆಬ್ಬೆರಳು. ಇವರಿಗೆ ನೋವೇ ಬೇಕು. ಮೆಲ್ಲಗೆ ಎಂದರೆ ಮದ್ದೇ ಅಲ್ಲ. ಅಮ್ಮನ ಎದುರು ಕೂತು ಇದನ್ನೆಲ್ಲ ಕೂಗಾಡಿದೆ. ಎಂಥಾ ಜನ ಅಮ್ಮ, ಯಾರೋ ಏನೋ ಹೇಳಿದ್ರೆ ನಂಬಿಬಿಡ್ತಾರೆ ಎಂದೆ.

ಅಮ್ಮ ಕಿಟಕಿಯಿಂದ ತಿರುಗಿದಳು.

"ನಾವು ಯಾರದ್ದೋ ಮಾತು ನಂಬಿದ್ದಲ್ಲ ಕಣೋ. ನಮ್ಮವರ ಮಾತು ಅಂತ ನಂಬಿದ್ದು."

ಮತ್ತೆ ಕಿಟಕಿಗೆ ತಿರುಗಿದಳು. ನನ್ನ ನಗಾರಿ ಅಲ್ಲಿಗೆ ನಿಂತಿತು.

ಎರ್ನಾಕುಳಂ ಜೆಟ್ಟಿಗೆ ಬಂದಾಗ ಇನ್ನೂ ಬಿಸಿಲಿತ್ತು. ಬೋಟಿನಲ್ಲಿ ಗಾಳಿ ಬರುವ ಕಡೆ ಅಮ್ಮನನ್ನು ಕೂರಿಸಿದೆ. ದೂರದ ಕ್ರೇನುಗಳನ್ನು ನೋಡುತ್ತಾ ಕೂರು ಎಂದೆ. ಕೂತಳು. ಅರ್ಧ ದಾರಿಯಲ್ಲಿ ಒಂದು ಹಡಗು ಹಾದುಹೋಗಿ, ಅದರ ಅಲೆಗೆ ನಮ್ಮ ಬೋಟು ಎದ್ದು ಕುಳಿತಿತು. ಅಮ್ಮನ ಬಲಗೈ ತಾನಾಗಿ ಎಡ ಮಣಿಕಟ್ಟಿನ ಮೇಲೆ ಹೋಯಿತು. ನಾನು ನೋಡುತ್ತಿದ್ದೆ. ಕೈ ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಅದನ್ನು ತೆಗೆದು ಸೀಟಿನ ಅಂಚನ್ನು ಹಿಡಿದುಕೊಂಡಳು. ವಾಂತಿ ಬರುವ ಮುಖವಾಯಿತು.

ಅವಳ ಬ್ಯಾಗಿನಲ್ಲಿ ಹುಡುಕಿದೆ. ಕವರು ಇರಲಿಲ್ಲ, ಮೂರು ತಿಂಗಳಿಂದ ಬೇಕಾಗಿರಲಿಲ್ಲವಲ್ಲ. ರೈಲಿನಲ್ಲಿ ಬಾಳೆಕಾಯಿ ಚಿಪ್ಸ್ ಕೊಂಡಿದ್ದ ಕವರು ನನ್ನ ಬ್ಯಾಗಿನಲ್ಲಿತ್ತು. ಚಿಪ್ಸನ್ನು ಮಡಿಲಿಗೆ ಸುರಿದುಕೊಂಡು ಕವರನ್ನು ಅವಳ ಬಾಯಿಗೆ ಹಿಡಿದೆ. ಎದುರು ಸೀಟಿನ ಮಲಯಾಳಿ ಅಣ್ಣಂದಿರಿಬ್ಬರು ಮೆಲ್ಲಗೆ ಹಿಂದಕ್ಕೆ ಸರಿದರು. ನಾನು ಅಮ್ಮನ ಬೆನ್ನು ಸವರುತ್ತಾ ಹಿಡಿದುಕೊಂಡೇ ಇದ್ದೆ, ಬೋಟು ದಡ ಮುಟ್ಟುವವರೆಗೆ.

ಅವಳು ಬಾಯಿ ಒರೆಸಿಕೊಂಡಳು. ಕವರಿನ ಬಾಯಿಗೆ ತಾನೇ ಗಂಟು ಹಾಕಿ ನನ್ನ ಕೈಯಲ್ಲಿಟ್ಟಳು.

"ತಗೋ," ಎಂದಳು. "ಪದಕ."

ಬೆಳಗಿನಿಂದ ಅವಳ ಮುಖದಲ್ಲಿ ಮೊದಲ ಸಲ ನಗುವಿನಂಥದ್ದೇನೋ ಕಂಡಿತು.

ಜೆಟ್ಟಿಯಲ್ಲಿ ಅಪ್ಪ ನಿಂತಿದ್ದರು, ಎರಡೂ ಕೈ ಜೇಬಿನಲ್ಲಿ. ಅಮ್ಮ ಬೋಟಿನ ಅಂಚಿಗೆ ಬಂದ ಮೇಲೂ ಅವರು ಕದಲಲಿಲ್ಲ. ಅಮ್ಮ ತೋಳು ಚಾಚಿದಳು. ಇಲ್ಲಿ ಹಿಡೀರಿ, ಇಲ್ಲಿ ನೋಯಲ್ಲ ಎಂದು ಮೊಣಕೈಯ ಮೇಲಿನ ಜಾಗ ತೋರಿಸಿದಳು. ಅಪ್ಪ ಆಚೀಚೆ ನೋಡಿದರು. ಬಲಗೈ ನಿಧಾನವಾಗಿ ಜೇಬಿನಿಂದ ಹೊರಗೆ ಬಂತು. ಮೊಟ್ಟೆ ಹಿಡಿದ ಹಾಗೆ ಅವಳ ತೋಳು ಹಿಡಿದು ಇಳಿಸಿಕೊಂಡರು. ಆಮೇಲೆ ಕೈ ಬಿಡಲೂ ಇಲ್ಲ, ಹಾಗೇ ನಡೆದರು. ನನ್ನ ಕೈಯಲ್ಲಿ ಏನು ಎಂದು ಮುಂದಿನಿಂದಲೇ ಕೇಳಿದರು.

ನಿಮ್ಮ ಮಗ ಗೆದ್ದು ಬಂದಿದ್ದಾನೆ, ಮನೇಲಿ ಹೇಳ್ತೀನಿ ಎಂದಳು ಅಮ್ಮ. ಕ್ವಾರ್ಟರ್ಸ್‌ವರೆಗೂ ನಾನು ಅದನ್ನು ಹಿಡಿದುಕೊಂಡು ಅವರ ಹಿಂದೆ ನಡೆದೆ.